ಲ್ಯಾಮಿನೇಷನ್ ಮಾಡಿಸಿದ ತಾಯಿ ಕಾರ್ಡ್

ಕಳೆದ ತಿಂಗಳು ಚನ್ನಗಿರಿ ಕಡೆಯ ಒಬ್ಬರು ಮಗಳ ತಾಯಿ ಕಾರ್ಡ್, ಅಂದರೆ ಮಗುವಿನ ಇಂಜೆಕ್ಷನ್, ತೂಕ ಎಲ್ಲ ಗುರುತು ಹಾಕೋ ಕಾರ್ಡ್, ತೆಗೆದು ನನ್ನ ಟೇಬಲ್ ಮೇಲಿಟ್ಟರು. ಫಳಫಳ ಹೊಳೀತಿತ್ತು. ಹರಿಯಬಾರದು, ಮಳೆಗೆ ನೆನೆಯಬಾರದು ಅಂತ ಪುಟಪುಟಕ್ಕೂ ಲ್ಯಾಮಿನೇಷನ್ ಮಾಡಿಸಿದ್ದರು. ತೂಕದ ಪುಟ ನೋಡಿದೆ. ಹುಟ್ಟಿದಾಗಿನ ಒಂದು ಚುಕ್ಕೆ, ಒಂದೂವರೆ ತಿಂಗಳಿನ ಇನ್ನೊಂದು ಚುಕ್ಕೆ. ಅಷ್ಟೇ. ಮಗುವಿಗೆ ಆಗಲೇ ಒಂದು ವರ್ಷ ಎರಡು ತಿಂಗಳು. ಮೂರನೇ ಚುಕ್ಕೆ ಇಡೋಣ ಅಂದರೆ ಪ್ಲಾಸ್ಟಿಕ್ ಮೇಲೆ ಪೆನ್ನು ಜಾರುತ್ತೆ.

"ಯಾರೂ ಬರೀಬಾರ್ದು ಅಂತಾನೇ ಮಾಡ್ಸಿದ್ದು ಮೇಡಂ. ಅಂಗನವಾಡೀಲಿ ಗೀಚಿಬಿಡ್ತಾರೆ" ಅಂದರು.

ಗೀಚಲಿ ಅಂತಾನೇ ಅಲ್ವಾ ಅಣ್ಣಾ, ಆ ಕಾರ್ಡ್ ಕೊಟ್ಟಿರೋದು!

ಅವರನ್ನು ಬೈಯೋಕೆ ಮನಸ್ಸು ಬರಲಿಲ್ಲ. ಅವರು ಕಾರ್ಡನ್ನು ಕಾಪಾಡಿಯಾದರೂ ಇಟ್ಟಿದ್ದರು. ಮಿಕ್ಕವರ ಕಾರ್ಡ್ ತವರುಮನೆ ಟ್ರಂಕಿನಲ್ಲಿರುತ್ತೆ. "ಬಾಣಂತನ ಹರಪನಹಳ್ಳೀಲಿ ಆಯ್ತು, ಅಲ್ಲೇ ಐತೆ ನೋಡ್ರಿ." ಇಲ್ಲಾಂದ್ರೆ ಇಂಜೆಕ್ಷನ್ ಎಲ್ಲ ಮುಗಿದಮೇಲೆ ಅದು ಯಾಕೆ ಅಂತ ಹಳೇ ಪೇಪರ್ ಜೊತೆ ಹೋಗಿರುತ್ತೆ. ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರ್ ಆಗಿ ಇಪ್ಪತ್ತು ವರ್ಷದ ಮೇಲಾಯಿತು. ಜ್ವರ, ಬೇಧಿ, ನ್ಯುಮೋನಿಯಾ ಇವು ಯಾವುದೂ ನನ್ನನ್ನು ಇಷ್ಟು ಸುಸ್ತು ಮಾಡಿಲ್ಲ. "ತೂಕ ಎಷ್ಟು ಮೇಡಂ? ಕಮ್ಮಿ ಐತಲ್ವಾ? ಒಂದು ಟಾನಿಕ್ ಬರ್ಕೊಡಿ" ಅನ್ನೋ ಮಾತು ಮಾಡಿದೆ.

ಕಮ್ಮಿ ಅಂದರೆ ಯಾವುದಕ್ಕಿಂತ ಕಮ್ಮಿ? ಇಲ್ಲೇ ಎಲ್ಲ ಎಡವೋದು.

ಮಲೇಬೆನ್ನೂರು ಹತ್ತಿರದ ಹಳ್ಳಿಯಿಂದ ಒಂದು ಮನೆಯವರು ಬಂದಿದ್ದರು. ಅಜ್ಜ, ಅಜ್ಜಿ, ಸೊಸೆ, ಹದಿಮೂರು ತಿಂಗಳ ಹೆಣ್ಣು ಕೂಸು. ಕೂಸಿನ ತೂಕ 8 ಕೆಜಿ 200 ಗ್ರಾಂ. ಅಜ್ಜಿಯ ಮಗಳ ಮಗನಿಗೂ ಇಷ್ಟೇ ವಯಸ್ಸಂತೆ, ಅವನು ಹತ್ತೂವರೆ ಕೆಜಿ ಇದ್ದಾನಂತೆ. "ಇವಳ ಹಾಲಲ್ಲೇ ಸತ್ವ ಇಲ್ಲ ಮೇಡಮ್ಮೋರೆ" ಅಂತ ಸೊಸೆ ಎದುರಿಗೇ ಹೇಳಿದರು. ಆ ಹುಡುಗಿ ತಲೆ ಎತ್ತಲಿಲ್ಲ, ಕೂಸಿನ ಬೆರಳು ಹಿಡ್ಕೊಂಡು ಸುಮ್ನೆ ಕೂತಿದ್ದಳು. ಅದೃಷ್ಟಕ್ಕೆ ಕಾರ್ಡ್ ತಂದಿದ್ದಳು. ಹುಟ್ಟಿದಾಗ 2.6, ಮೂರು ತಿಂಗಳು ಚಿಲ್ಲರೆಗೆ 5.3, ಒಂಬತ್ತು ತಿಂಗಳಿಗೆ 7.4, ಈಗ 8.2. ನಾಲ್ಕು ಚುಕ್ಕೆ ಸೇರಿಸಿ ಗೆರೆ ಎಳೆದೆ. ಕಾರ್ಡಿನಲ್ಲಿ ಮೊದಲೇ ಅಚ್ಚಾಗಿರೋ ಬಾಗಿದ ಗೆರೆಗಳ ಪಕ್ಕದಲ್ಲೇ, ತೂಕ ಸರಿಯಿದೆ ಅಂತ ತೋರಿಸೋ ಹಸಿರು ಪಟ್ಟಿಯೊಳಗೇ, ತನ್ನ ದಾರಿ ಬಿಡದೆ ಏರಿದೆ. ಸಣ್ಣ ಕೂಸು, ನಿಜ. ಆದರೆ ಬೆಳೀತಾ ಇರೋ ಕೂಸು.

ಅಜ್ಜಿಗೆ ಒಪ್ಪಿಗೆ ಆಗಲಿಲ್ಲ. ನಾನು ಅಜ್ಜನ ಕಡೆ ತಿರುಗಿದೆ. ಅವರು ಭದ್ರಾ ನಾಲೆಯ ಕೊನೇ ಭಾಗದ ರೈತರು, ಭತ್ತ ಹಾಕೋರು. "ಅಜ್ಜಾ, ಡ್ಯಾಂ ಎಷ್ಟೈತೆ?" ಅಂದೆ. "ನೂರಾ ಅರವತ್ತು ಚಿಲ್ಲರೆ" ಅಂದರು, ಒಂದು ಕ್ಷಣ ಯೋಚಿಸಲಿಲ್ಲ. "ಅದು ಒಳ್ಳೇದೋ ಕೆಟ್ಟದ್ದೋ?" ಅಂದೆ. ಅವರು ನನ್ನನ್ನು ಏನೂ ತಿಳೀದೋಳು ಅನ್ನೋ ಥರ ನೋಡಿದರು. "ಅದೆಂಗ್ ಹೇಳಕ್ ಬರುತ್ತೆ? ಏರ್ತೈತೋ ಇಳೀತೈತೋ ನೋಡ್ಬೇಕು. ಜುಲೈನಾಗೆ ನೂರಾ ಅರವತ್ತು ಅಂದ್ರೆ ಒಂದು, ಮಾರ್ಚ್‌ನಾಗೆ ಅಂದ್ರೆ ಅದೇ ಬ್ಯಾರೆ."

ಇಷ್ಟೇ ಕಣ್ರೀ ನಾನು ಹೇಳೋದು. ಭದ್ರಾ ತುಂಬೋದು 186 ಅಡಿಗೆ. ಪೇಪರಲ್ಲಿ ಬರೀ ಇವತ್ತಿನ ಮಟ್ಟ ಹಾಕಿದರೆ ನಮ್ಮ ರೈತರು ಸುಮ್ನಿರ್ತಾರಾ? ಒಳಹರಿವು ಎಷ್ಟು, ಹೊರಹರಿವು ಎಷ್ಟು, ಹೋದ ವರ್ಷ ಇದೇ ದಿನ ಎಷ್ಟಿತ್ತು, ಎಲ್ಲ ಬೇಕು. ಅದೇ ಜನ ಆಸ್ಪತ್ರೆಗೆ ಬಂದಾಗ ಮಾತ್ರ ಕೂಸಿನ ಒಂದು ದಿನದ ತೂಕ ನೋಡಿ ತೀರ್ಪು ಕೊಟ್ಟುಬಿಡ್ತಾರೆ. ಇನ್ನು ಹಿರಿಯೂರಿನ ವಾಣಿ ವಿಲಾಸ ಸಾಗರ ತಗೊಳ್ಳಿ. ಅದು ತುಂಬೋದೇ 130 ಅಡಿಗೆ. 2022ರಲ್ಲಿ ಎಷ್ಟೋ ದಶಕದ ಮೇಲೆ ಕೋಡಿ ಬಿದ್ದಾಗ ಊರಿಗೆ ಊರೇ ನೋಡೋಕೆ ಹೋಯಿತು. ಭದ್ರಾಕ್ಕಿಂತ 56 ಅಡಿ ಕಮ್ಮಿ ಅಂತ ಯಾರಾದ್ರೂ ಅಳುತ್ತಾ ಕೂತರಾ? ಒಂದೊಂದು ಡ್ಯಾಂಗೆ ಒಂದೊಂದು ಅಳತೆ. ಮಗಳ ಮಗ ಬೇರೆ ಡ್ಯಾಂ, ಮಗನ ಮಗಳು ಬೇರೆ ಡ್ಯಾಂ. ಅದರ ಮೇಲೆ ಅವನು ಗಂಡು, ಇವಳು ಹೆಣ್ಣು. ಚಾರ್ಟೇ ಬೇರೆ. ವರ್ಷ ತುಂಬಿದಾಗ ಮಧ್ಯದ ಗೆರೆ ಗಂಡಿಗೆ 9.6 ಕೆಜಿ, ಹೆಣ್ಣಿಗೆ 8.9. ಅದು ಮಧ್ಯದ ಗೆರೆ ಅಷ್ಟೇ, ಪಾಸ್ ಮಾರ್ಕ್ ಅಲ್ಲ. ಅರ್ಧ ಮಕ್ಕಳು ಅದಕ್ಕಿಂತ ಕೆಳಗೇ ಇರ್ತಾರೆ. ಹೆಣ್ಣುಮಗು ಆ ವಯಸ್ಸಿಗೆ 7 ಕೆಜಿಗಿಂತ ಇಳಿದರೆ ಹಸಿರು ಬಿಟ್ಟು ಹಳದಿ ಪಟ್ಟಿಗೆ ಬರುತ್ತೆ. ಆಗ ಖಂಡಿತ ನೋಡಬೇಕು.

"ಅದು ಫಾರಿನ್ ಚಾರ್ಟ್, ನಮ್ಮೋರಿಗೆ ಹೊಂದಲ್ಲ" ಅಂತ ಓದಿದವರು ಹೇಳ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಈ ಚಾರ್ಟ್ ತಂದಾಗ ಅಳೆದದ್ದು ಆರು ದೇಶದ ಮಕ್ಕಳನ್ನು. ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಎದೆಹಾಲು, ಸರಿಯಾದ ಊಟ, ಚೊಕ್ಕ ಮನೆ ಸಿಕ್ಕರೆ ಐದು ವರ್ಷದವರೆಗೆ ಮಕ್ಕಳು ಎಲ್ಲಿದ್ದರೂ ಹೆಚ್ಚುಕಮ್ಮಿ ಒಂದೇ ಥರ ಬೆಳೀತಾರೆ ಅನ್ನೋದು ಅದರಿಂದಲೇ ಗೊತ್ತಾಗಿದ್ದು.

ಇನ್ನೊಂದು ಕಥೆ ಇದರ ಉಲ್ಟಾ. ಇದನ್ನು ನೆನೆಸಿಕೊಂಡರೆ ಈಗಲೂ ಸ್ವಲ್ಪ ಬೇಜಾರಾಗುತ್ತೆ. ಗುಂಡುಗುಂಡಾಗಿದ್ದ ಗಂಡು ಮಗು, ನೋಡಿದವರೆಲ್ಲ ಕೆನ್ನೆ ಹಿಂಡಿ ಹೋಗುವಂಥದ್ದು. ಒಂಬತ್ತು ತಿಂಗಳಿಗೆ 9.3 ಕೆಜಿ. ಹದಿನೈದು ತಿಂಗಳಿಗೆ ಬಂದಾಗಲೂ 9.3. ಅಂಕಿ ಮಾತ್ರ ನೋಡಿದರೆ ಇನ್ನೂ ಹಸಿರಿನಲ್ಲೇ ಇದೆ, ಯಾರಿಗೂ ಚಿಂತೆ ಇಲ್ಲ. ಅಜ್ಜಿ ಹೋಲಿಸುತ್ತಿದ್ದ ಆ ಸಣ್ಣ ಕೂಸಿಗಿಂತ ಈಗಲೂ ಒಂದು ಕೆಜಿ ಜಾಸ್ತಿ. ಆದರೆ ಅವರ ಹಳ್ಳಿ ಅಂಗನವಾಡಿ ಟೀಚರ್ ಮಧ್ಯದಲ್ಲಿ ವರ್ಷ ತುಂಬಿದಾಗಿನ ಚುಕ್ಕೆ ಇಟ್ಟಿದ್ದರು: 9.4. ಮೂರು ಚುಕ್ಕೆ ಸೇರಿಸಿದರೆ ಗೆರೆ ಮೇಜಿನ ಅಂಚಿನ ಹಾಗೆ ಮಟ್ಟಸ. ಆರು ತಿಂಗಳಿಂದ ಈ ಮಗು ಬೆಳೆದೇ ಇಲ್ಲ. ಕೆದಕಿ ಕೇಳಿದಾಗ ಬಿಟ್ಟುಬಿಟ್ಟು ಜ್ವರ ಬರ್ತಿತ್ತು ಅಂದರು. ಪ್ರತಿ ಸಲವೂ "ಹಲ್ಲು ಬರ್ತಿದೆ" ಅಂತ ಸಿರಪ್ ಹಾಕಿದ್ದರಂತೆ. ಮೂತ್ರ ಪರೀಕ್ಷೆ ಮಾಡಿಸಿದೆ. ಸೋಂಕು. ಸ್ಕ್ಯಾನ್ ಮಾಡಿಸಿದಾಗ ಮೂತ್ರದ ದಾರಿಯಲ್ಲೇ ಹುಟ್ಟಿನಿಂದ ತೊಂದರೆ ಇತ್ತು. ಆಮೇಲೆ ಸರಿಹೋಯಿತು. ಆ ಟೀಚರ್ ಯಾರು ಅಂತ ನಾನು ನೋಡಿಲ್ಲ, ಅವರು ಇಟ್ಟ ಚುಕ್ಕೆ ಮಾತ್ರ ನೋಡಿದ್ದೇನೆ. ನೀಲಿ ಬಾಲ್‌ಪೆನ್ನಿನಲ್ಲಿ, ಸುತ್ತ ಒಂದು ಸಣ್ಣ ವೃತ್ತ. ಗೀಚಿದ್ದು ಅಂದರೆ ಅದು.

ಹಾಗಂತ ಗೆರೆ ಮಟ್ಟಸ ಆದ ಮಕ್ಕಳಿಗೆಲ್ಲ ಕಾಯಿಲೆ ಇರುತ್ತೆ ಅಂತಲ್ಲ. ಬೇಧಿಯಾದರೆ ತೂಕ ಇಳಿಯುತ್ತೆ, ಚೆನ್ನಾಗಿ ತಿಂದರೆ ಕೆಲವು ವಾರದಲ್ಲಿ ವಾಪಸ್ ಬರುತ್ತೆ. ಹುಟ್ಟಿದ ಮೊದಲ ವಾರ ಎಲ್ಲ ಮಕ್ಕಳೂ ಸ್ವಲ್ಪ ಇಳೀತಾರೆ, ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಬರ್ತಾರೆ. ಇದನ್ನು ಓದಿ ನೀವೇ ತೀರ್ಮಾನಕ್ಕೆ ಬರಬೇಡಿ. ಚುಕ್ಕೆ ಇಡಿಸಿ, ಅರ್ಥ ಮಾಡೋ ಕೆಲಸ ನಮಗೆ ಬಿಡಿ.

ಈಗ ನನಗೆ ನಿಜವಾಗಿ ಸಿಟ್ಟು ಬರೋ ವಿಷಯ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಇಂಜೆಕ್ಷನ್. ಮುಂದಿನದು ಹದಿನಾರು ತಿಂಗಳು ದಾಟಿದಮೇಲೆ. ಮಧ್ಯದ ಏಳು ತಿಂಗಳು ಯಾರೂ ತಕ್ಕಡಿ ಕಡೆ ತಲೆ ಹಾಕಲ್ಲ. ಫೋನ್ ಮಾಡಿ ಕೇಳಿದರೆ "ಇಂಜೆಕ್ಷನ್ ಇಲ್ವಲ್ಲ ಮೇಡಂ, ಯಾಕೆ ಬರ್ಬೇಕು?" ಅಂತಾರೆ. ಹಾಲಿನಿಂದ ಊಟಕ್ಕೆ ಬರೋ ಕಾಲ ಅದು. ನೆಲದ ಮೇಲೆ ಹರಿದಾಡಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋ ಕಾಲ, ಅಮ್ಮ ಕೆಲಸಕ್ಕೆ ವಾಪಸ್ ಹೋಗೋ ಕಾಲ. ಗೆರೆ ಬಾಗೋದು ಹೆಚ್ಚಾಗಿ ಆಗಲೇ, ಚುಕ್ಕೆ ಇಲ್ಲದಿರೋದೂ ಆಗಲೇ. ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಕ ನೋಡ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಊರೊಳಗಿನ ಪಿ.ಜೆ. ಬಡಾವಣೆ, ವಿದ್ಯಾನಗರದವರಿಗೆ ಅಂಗನವಾಡಿಗೆ ಹೋಗೋದು ಅವಮಾನ. ಹಳ್ಳಿಯವರಿಗೆ "ತೂಕ ಹಾಕಿದ್ರೆ ದೃಷ್ಟಿ ಆಗುತ್ತೆ."

ದೃಷ್ಟಿ ಅಂದಮೇಲೆ ನೆನಪಾಯಿತು. ತೂಕ ಹಾಕುವಾಗ ದಯವಿಟ್ಟು ಬಟ್ಟೆ ಬಿಚ್ಚಿ. ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ, ಸ್ವೆಟರ್, ಕುಲಾವಿ, ಒಳಗೆ ತುಂಬಿದ ಡಯಾಪರ್. ಡಯಾಪರ್ ಒಂದೇ ಕಾಲು ಕೆಜಿ ಎಳೆಯುತ್ತೆ. ವರ್ಷ ದಾಟಿದ ಮಗು ಒಂದು ತಿಂಗಳಿಗೆ ಏರೋದೇ ಹತ್ತಿರಹತ್ತಿರ ಇನ್ನೂರು ಗ್ರಾಂ. ಡಯಾಪರ್ ಸಮೇತ ತೂಗಿದರೆ ನೋಡೋದು ಮಗುವನ್ನಲ್ಲ, ಡಯಾಪರ್ ಅನ್ನು. ಉಡಿದಾರ ಬಿಚ್ಚೋಕೆ ಕೆಲವು ತಾಯಂದಿರಿಗೆ ಭಯ. ಅದನ್ನು ಬೇಕಾದರೆ ಹಾಗೇ ಬಿಡಿ, ಆದರೆ ಪ್ರತಿ ಸಲವೂ ಅದೇ ಇರಲಿ. ತಕ್ಕಡಿಯೂ ಆದಷ್ಟು ಒಂದೇ ಇರಲಿ. ಮಂಡಿಪೇಟೆಯಲ್ಲಿ ಅಂಗಡಿ ಕಾಟದ ಮೇಲೆ ಕೂಸನ್ನು ಕೂರಿಸಿ "ಅಲ್ಲಿ ಅರ್ಧ ಕೆಜಿ ಜಾಸ್ತಿ ತೋರಿಸ್ತು" ಅಂತ ನನ್ನ ಜೊತೆ ಜಗಳಕ್ಕೆ ಬಂದವರೂ ಇದ್ದಾರೆ.

ಆ ಇನ್ನೂರು ಗ್ರಾಂ ಅಂದೆನಲ್ಲ, ಅದನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ಮೂರು ತಿಂಗಳು ಮಗು ದಿನಕ್ಕೆ 25-30 ಗ್ರಾಂ ಏರುತ್ತೆ. ಐದು ತಿಂಗಳ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು. ಅಲ್ಲಿಂದ ಬ್ರೇಕ್ ಬೀಳುತ್ತೆ. ಎರಡನೇ ವರ್ಷ ಪೂರ್ತಿ ಸೇರಿ ಏರೋದು ಎರಡು, ಎರಡೂವರೆ ಕೆಜಿ. ಬೆಳವಣಿಗೆ ನಿಧಾನ ಆದಾಗ ಹಸಿವೂ ಕಮ್ಮಿ ಆಗುತ್ತೆ, ಇದು ಸಹಜ. ಸರಿಯಾಗಿ ಆಗಲೇ ಮನೆಮಂದಿಗೆಲ್ಲ "ಊಟಾನೇ ಮಾಡಲ್ಲ" ಅನ್ನೋ ಚಿಂತೆ ಶುರು. ಹೊರಗಿನ ಬೆಂಚಿನಲ್ಲಿ ಕೂತು ಮಗುವಿನ ಕೈಗೆ ಬಿಸ್ಕತ್ತಿನ ಪ್ಯಾಕೆಟ್ ಕೊಟ್ಟಿರ್ತಾರೆ, ಒಳಗೆ ಬಂದು ಏನೂ ತಿನ್ನಲ್ಲ ಅಂತಾರೆ. ಅಂಗಡಿಯಲ್ಲಿ ಕೇಳಿ ತರೋ ಹಸಿವಿನ ಟಾನಿಕ್‌ಗಳಲ್ಲಿ ಎಷ್ಟೋ ನಿದ್ದೆ ಬರಿಸೋ ಔಷಧಿಗಳು. ಹಸಿವು ಜಾಸ್ತಿ ಆಗೋದು ಅದರ ಸೈಡ್ ಎಫೆಕ್ಟ್. ನಿಲ್ಲಿಸಿದ ಮೇಲೆ ಮತ್ತೆ ಮೊದಲಿನ ಕಥೆಯೇ. ಅದಕ್ಕಿಂತ ರಾಗಿ ಸರಿ ಗಟ್ಟಿ ಮಾಡಿ, ಚಮಚ ಓರೆ ಮಾಡಿದರೂ ಬೀಳಬಾರದು. ಮೇಲೆ ತುಪ್ಪ ಹಾಕಿ. ಬೇಳೆ, ಮೊಟ್ಟೆ ಕೊಡಿ. ನೀರುನೀರು ಸರಿ ಹೊಟ್ಟೆ ತುಂಬಿಸುತ್ತೆ, ತೂಕ ಏರಿಸಲ್ಲ.

ನಡೆಯೋದು, ಮಾತಾಡೋದರಲ್ಲೂ ಇದೇ ಹೋಲಿಕೆ ರೋಗ. "ಪಕ್ಕದ ಮನೇದು ಹತ್ತು ತಿಂಗಳಿಗೇ ನಡೀತು." ನಡೀಲಿ ಬಿಡಿ. ಚೆನ್ನಾಗಿರೋ ಮಕ್ಕಳೇ ಎಂಟು ತಿಂಗಳಿಂದ ಹದಿನೇಳೂವರೆ ತಿಂಗಳೊಳಗೆ ಯಾವಾಗ ಬೇಕಾದರೂ ಮೊದಲ ಹೆಜ್ಜೆ ಇಡ್ತಾರೆ. ವಾಕರ್ ತರಬೇಡಿ. ಅದರಿಂದ ಬೇಗ ನಡೆಯಲ್ಲ, ಮೆಟ್ಟಿಲಿನಿಂದ ಬೇಗ ಬೀಳ್ತಾರೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಹುಟ್ಟಿದ ದಿನದಿಂದ ಲೆಕ್ಕ ಹಾಕಬೇಡಿ, ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಹಾಕಿ. ಆದರೆ ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದಾದರೂ ಕತ್ತು ನಿಲ್ಲದಿದ್ದರೆ, ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಟಾಟಾ ಮಾಡದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ ಕಾಯಬೇಡಿ. "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಅನ್ನೋ ಸಮಾಧಾನಕ್ಕೆ ನಾನು ಹೆದರ್ತೀನಿ. ಎಲ್ಲಕ್ಕಿಂತ ಹೆಚ್ಚು ಹೆದರೋದು ಬರ್ತಿದ್ದ ಕೌಶಲ ಹೋದಾಗ. ಅವ್ವ, ಅಪ್ಪ ಅಂತಿದ್ದ ಮಗು ಅನ್ನೋದು ನಿಲ್ಲಿಸಿದರೆ ಅದೇ ವಾರ ಕರ್ಕೊಂಡು ಬನ್ನಿ. ಇಲ್ಲೂ ಗೆರೆಯದ್ದೇ ಮಾತು ನೋಡಿ, ಡ್ಯಾಂ ಇಳೀತಿದೆ.

ಲ್ಯಾಮಿನೇಷನ್ ಅಣ್ಣನ ಕಥೆ ಏನಾಯ್ತು ಅಂದರೆ, ಸಿಡಿ ಮೇಲೆ ಬರೆಯೋ ಮಾರ್ಕರ್ ತರಿಸಿ ಚುಕ್ಕೆ ಇಟ್ಟೆ. ಹುಟ್ಟಿದಾಗಿನದು, ಒಂದೂವರೆ ತಿಂಗಳಿನದು, ಈಗಿನದು. ಮಧ್ಯೆ ವರ್ಷದಷ್ಟು ಖಾಲಿ. ಆ ಖಾಲಿಯಲ್ಲಿ ಏನಾಗಿತ್ತು ಅಂತ ಯಾರಿಗೂ ಗೊತ್ತಿಲ್ಲ. ಇನ್ನು ಮೇಲೆ ತಿಂಗಳಿಗೊಂದು ಚುಕ್ಕೆ ಇಡಿಸ್ತೀನಿ ಅಂದಿದ್ದಾರೆ, ಮಾರ್ಕರ್ ಕೂಡ ಅವರಿಗೇ ಕೊಟ್ಟು ಕಳಿಸಿದೆ.

ಬೇರೆಯವರಿಗೆ ಇಷ್ಟು ಹೇಳೋ ನನಗೇ ಹೋದ ವರ್ಷ ಮನೆ ಬದಲಾಯಿಸುವಾಗ ಬೀರುವಿನಲ್ಲಿ ಮಗಳ ಕಾರ್ಡ್ ಸಿಕ್ಕಿತು. ಅವಳು ಈಗ ಪಿಯುಸಿ, ನನಗಿಂತ ಉದ್ದ. ಕಾರ್ಡ್ ಕಿತ್ಕೊಂಡು ನೋಡಿದಳು. ಒಂಬತ್ತು ತಿಂಗಳವರೆಗೆ ನೀಟಾಗಿ ಚುಕ್ಕೆ ಇದೆ, ಆಮೇಲೆ ಏನೂ ಇಲ್ಲ. "ಅಮ್ಮಾ, ಆಮೇಲೆ ಯಾಕೆ ನನ್ನ ತೂಕ ಹಾಕಲೇ ಇಲ್ಲ?" ಅಂದಳು.

ಇಂಜೆಕ್ಷನ್ ಇರ್ಲಿಲ್ವಲ್ಲೇ, ಅಂದೆ.