ಬೇಸಿಕ್ಸ್ ಆಗುವ ಮೊದಲೇ ರಿಸರ್ಚಾ?

ಪ್ರಶ್ನೆ: ಮಗಳು ಇಲ್ಲಿ ಅಮೆರಿಕದಲ್ಲಿ ಎರಡು ವರ್ಷದ ಕಮ್ಯುನಿಟಿ ಕಾಲೇಜು ಸೇರಿದ್ದಾಳೆ. ಮೊದಲ ಸೆಮಿಸ್ಟರ್‌ನಲ್ಲೇ ಮಣ್ಣು ತಂದು ವೈರಸ್ ಹುಡುಕಬೇಕಂತೆ. ಪಾಠವೇ ಆಗಿಲ್ಲ, ಟೈಮ್ ವೇಸ್ಟ್ ಅಲ್ವಾ?

ಉತ್ತರ: ಅಲ್ಲ. ಪ್ರತಿ ವರ್ಷ ಕಾಲೇಜು ಶುರುವಾದ ಕೂಡಲೇ ಇದೇ ಪ್ರಶ್ನೆ ಬರುತ್ತದೆ. ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಭಯ ಬೇಡ, ಅವಳು ಹುಡುಕುತ್ತಿರುವುದು ಫೇಜ್. ಅದು ಬ್ಯಾಕ್ಟೀರಿಯಾಕ್ಕೆ ಮಾತ್ರ ತಗಲುವ ವೈರಸ್. 2008ರಲ್ಲಿ ಶುರುವಾದ 'ಸೀ-ಫೇಜಸ್' ಅನ್ನೋ ಕಾರ್ಯಕ್ರಮ ಇದನ್ನು ಹೊಸದಾಗಿ ಕಾಲೇಜಿಗೆ ಬಂದವರಿಗೆಂದೇ ರೂಪಿಸಿದೆ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ: 'ಮೊದಲು ಬೇಸಿಕ್ಸ್, ಆಮೇಲೆ ರಿಸರ್ಚ್.' ಎರಡೇ ವರ್ಷದ ಕಾಲೇಜಿನಲ್ಲಿ ಆ 'ಆಮೇಲೆ' ಬರುವುದು ಯಾವಾಗ? ಎಷ್ಟೋ ಮಕ್ಕಳು ಎರಡು ವರ್ಷ ಮುಗಿಸಿ ಕೆಲಸಕ್ಕೆ ಹೋಗುತ್ತಾರೆ. ಉತ್ತರ ಗೊತ್ತಿಲ್ಲದ ಒಂದೇ ಒಂದು ಪ್ರಶ್ನೆಯನ್ನೂ ಕೈಯಾರೆ ಮುಟ್ಟದೆ ಅವರ ವಿಜ್ಞಾನ ಮುಗಿದುಹೋಗುತ್ತದೆ.

ಬೇಸಿಕ್ಸ್ ತಪ್ಪಿಹೋಗುತ್ತದೆ ಅನ್ನುವುದೂ ಸುಳ್ಳು. ಮಣ್ಣಿಗೆ ದ್ರಾವಣ ಹಾಕಿ ಅಲ್ಲಾಡಿಸಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸುತ್ತಾರೆ. ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತದೆ, ಫೇಜ್ ಕೆಳಗಿಳಿಯುತ್ತದೆ. ಅದನ್ನು ಬ್ಯಾಕ್ಟೀರಿಯಾ ಜೊತೆ ಬೆರೆಸಿ ಪ್ಲೇಟಿಗೆ ಸುರಿದರೆ, ಒಂದೆರಡು ದಿನಕ್ಕೆ ಬ್ಯಾಕ್ಟೀರಿಯಾ ಬೆಳೆದು ಪ್ಲೇಟೆಲ್ಲ ಮಬ್ಬಾಗುತ್ತದೆ. ನಡುವೆ ಅಲ್ಲಲ್ಲಿ ತಿಳಿಯಾದ ಚುಕ್ಕಿಗಳು. ಫೇಜ್ ಬ್ಯಾಕ್ಟೀರಿಯಾವನ್ನು ಕೊಂದ ಜಾಗ ಅದು.

ಆಗ ಲೆಕ್ಕ ಬರುತ್ತದೆ. ಒಂದು ಚುಕ್ಕಿ ಅಂದರೆ ಒಂದು ಫೇಜ್‌ನಿಂದ ಶುರುವಾದದ್ದು ಎಂದು ಎಣಿಸುತ್ತಾರೆ. 10 ಲಕ್ಷ ಪಟ್ಟು ತೆಳು ಮಾಡಿದ ದ್ರಾವಣದ 10 ಮೈಕ್ರೋಲೀಟರ್‌ನಲ್ಲಿ 32 ಚುಕ್ಕಿ ಸಿಕ್ಕಿತು ಅನ್ನಿ. ಹಾಗಾದರೆ ಮೂಲ ದ್ರಾವಣದ ಒಂದು ಮಿಲಿಲೀಟರ್‌ನಲ್ಲಿ ಎಷ್ಟು ಫೇಜ್? 320 ಕೋಟಿ. ಘಾತಾಂಕ ಅಂದರೆ ಓಡಿಹೋಗುತ್ತಿದ್ದ ಹುಡುಗ ತನ್ನ ಪ್ಲೇಟಿನ ಲೆಕ್ಕವನ್ನು ಪಟ್ಟು ಹಿಡಿದು ಮಾಡುತ್ತಾನೆ. ಮುಂದೆ ಡಿಎನ್‌ಎ ತೆಗೆಯುವಾಗ ರಸಾಯನಶಾಸ್ತ್ರ, ಜೀನ್ ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸುವಾಗ ಕಂಪ್ಯೂಟರ್. ಬೇಕಾದ ಹೊತ್ತಿಗೆ ಕಲಿತದ್ದು ಜಾಸ್ತಿ ದಿನ ನಿಲ್ಲುತ್ತದೆ. ಮೇಷ್ಟ್ರಾಗಿ ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

'ಮಕ್ಕಳಾಟ' ಅನ್ನುವವರಿಗೆ ಇನ್ನೊಂದು ಮಾತು. 2010ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಡಿಗ್ರಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಕೊಳೆತ ಬದನೆಕಾಯಿಯಿಂದ ಒಂದು ಫೇಜ್ ಹುಡುಕಿದಳು. ಹೆಸರು 'ಮಡ್ಡಿ'. ಲಂಡನ್‌ನಲ್ಲಿ 15 ವರ್ಷದ ಹುಡುಗಿಯೊಬ್ಬಳ ಸೋಂಕಿಗೆ ಯಾವ ಆ್ಯಂಟಿಬಯಾಟಿಕ್ಕೂ ನಾಟದಿದ್ದಾಗ ಕೊಟ್ಟ ಮೂರು ಫೇಜ್‌ಗಳಲ್ಲಿ ಅದೂ ಒಂದು. ಆಕೆಯ ಸ್ಥಿತಿ ಸುಧಾರಿಸಿದ ವರದಿ 2019ರಲ್ಲಿ ಪ್ರಕಟವಾಯಿತು.

ಫೇಜ್ ಸಿಗದಿದ್ದರೆ? ಬೇರೆ ಮಣ್ಣು ತಂದು ಇನ್ನೊಮ್ಮೆ ನೋಡಬಹುದು. ಆಗಲೂ ಇಲ್ಲವೆಂದರೆ ಸಹಪಾಠಿಯ ಫೇಜ್ ತೆಗೆದುಕೊಂಡು ಮುಂದುವರಿಯಬಹುದು. ನನ್ನ ತರಗತಿಯಲ್ಲಿ ಮಾರ್ಕ್ಸ್ ಇರುವುದು ಲ್ಯಾಬ್ ನೋಟ್‌ಬುಕ್ಕಿಗೆ, ಅದೃಷ್ಟಕ್ಕಲ್ಲ.

ಅಂದಹಾಗೆ, ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಸಿಕ್ಕ ಫೇಜ್‌ಗೆ ಹೆಸರಿಡುವ ಹಕ್ಕು ಹುಡುಕಿದವರದ್ದೇ. ಕಾರ್ನ್‌ಡಾಗ್, ಬಾರ್ನ್‌ಯಾರ್ಡ್ ಅಂತೆಲ್ಲ ಹೆಸರುಗಳಿವೆ. ಕನ್ನಡದ ಹೆಸರೂ ಇಡಬಹುದು. ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು, ಬೇರೆ ಯಾರೂ ಅದನ್ನು ಮೊದಲೇ ಇಟ್ಟಿರಬಾರದು. ಒಂದೆರಡು ಹೆಸರು ಈಗಲೇ ಯೋಚಿಸಿಟ್ಟುಕೊಳ್ಳಲು ಮಗಳಿಗೆ ಹೇಳಿ.