ಕೈನಡುಕದ ಆಪರೇಷನ್: ಮಂಪರು ಎಷ್ಟು, ಯಾವಾಗ?

ಪಾರ್ಕಿನ್ಸನ್ ಕಾಯಿಲೆಗೆ ಮಿದುಳಿನ ಆಪರೇಷನ್ ಮಾಡಿಸಲು ಬೆಂಗಳೂರಿಗೆ ಹೊರಟವರು ಬಳ್ಳಾರಿಯಲ್ಲಿ ಮೊದಲು ನನ್ನ ಹತ್ತಿರ ಬರುವುದುಂಟು. ಸಿರುಗುಪ್ಪ, ಕಂಪ್ಲಿ, ಸಂಡೂರು ಕಡೆಯವರು. ಬಿಪಿ, ಶುಗರ್, ಹೃದಯ ನೋಡಿ ಒಂದು ಚೀಟಿ ಬರೆದುಕೊಡಿ ಅನ್ನುತ್ತಾರೆ. ಮನಸ್ಸಿನಲ್ಲಿರುವ ಪ್ರಶ್ನೆ ಎದ್ದು ಹೋಗುವಾಗ ಬರುತ್ತದೆ. "ಮೇಡಂ, ಎಚ್ಚರ ಇರೋವಾಗ್ಲೇ ತಲಿಗೆ ತೂತು ಹಾಕ್ತಾರಂತಲ್ರೀ, ಖರೇನಾ?"

ಅರ್ಧ ಖರೆ. ಉಳಿದ ಅರ್ಧ ನಮ್ಮಂಥ ಅರವಳಿಕೆ ವೈದ್ಯರ ಕೆಲಸ. ಅದನ್ನು ಸರಿಯಾಗಿ ತಿಳಿದುಕೊಂಡು ಹೋದವರಿಗೆ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಮಂಪರಿನ ಔಷಧಿ ಕಡಿಮೆ ಸಾಕಾಗುತ್ತದೆ. ಅದಕ್ಕೇ ಈ ಅಂಕಣ.

ಈ ಆಪರೇಷನ್ನಿನ ಹೆಸರು ಡೀಪ್ ಬ್ರೈನ್ ಸ್ಟಿಮ್ಯುಲೇಷನ್. ಎಲ್ಲರೂ ಡಿಬಿಎಸ್ ಅನ್ನುತ್ತಾರೆ. ಮಿದುಳಿನ ಆಳದಲ್ಲಿ ತೆಳ್ಳನೆಯ ಎಲೆಕ್ಟ್ರೋಡ್ ಇಡುತ್ತಾರೆ. ಕಾಲರ್ ಮೂಳೆಯ ಕೆಳಗೆ ಚರ್ಮದೊಳಗೆ ಬ್ಯಾಟರಿ ಕೂರಿಸುತ್ತಾರೆ. ಎರಡನ್ನೂ ಜೋಡಿಸುವ ವೈರು ಕತ್ತಿನ ಚರ್ಮದ ಕೆಳಗೆ ಹಾದುಹೋಗುತ್ತದೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ಊರಿನಲ್ಲಿ ಬೆನಾಬಿಡ್ ಮತ್ತು ಪೊಲಾಕ್ ಅವರ ತಂಡ ಇದರ ಈಗಿನ ರೂಪಕ್ಕೆ ದಾರಿ ಮಾಡಿತು. ಅದಕ್ಕೂ ಮೊದಲು ನಡುಕ ನಿಲ್ಲಿಸಲು ಮಿದುಳಿನ ಒಂದು ಸಣ್ಣ ಜಾಗವನ್ನು ಸುಡುತ್ತಿದ್ದರು. ಸುಟ್ಟದ್ದು ವಾಪಸ್ ಬರುವುದಿಲ್ಲ. ಕರೆಂಟನ್ನಾದರೆ ಹೆಚ್ಚು ಕಡಿಮೆ ಮಾಡಬಹುದು, ಬೇಡ ಅಂದರೆ ನಿಲ್ಲಿಸಬಹುದು.

ಪಾರ್ಕಿನ್ಸನ್ನಿಗೆ ಹೆಚ್ಚಾಗಿ ಹುಡುಕುವ ಜಾಗ ಸಬ್‌ಥಲಾಮಿಕ್ ನ್ಯೂಕ್ಲಿಯಸ್. ಕೆಲವೇ ಮಿಲಿಮೀಟರ್ ಅಗಲದ ಗಂಟು. ಅದರ ಸುತ್ತ ಮಾತು, ಕಣ್ಣು, ಕೈಕಾಲಿಗೆ ಹೋಗುವ ದಾರಿಗಳಿವೆ. ಒಂದೆರಡು ಮಿಲಿಮೀಟರ್ ತಪ್ಪಿದರೂ ಕರೆಂಟು ಕೊಟ್ಟಾಗ ಮಾತು ತೊದಲಬಹುದು, ಮುಖ ಸೆಳೆಯಬಹುದು, ಕೈ ಜುಮ್ಮೆನ್ನಬಹುದು. ಸ್ಕ್ಯಾನ್ ದಾರಿ ತೋರಿಸುತ್ತದೆ. ಆದರೂ ಕೊನೆಯ ಖಾತ್ರಿಗೆ ಹಲವು ಕಡೆ ಎರಡು ಕೆಲಸ ಮಾಡುತ್ತಾರೆ. ಸೂಕ್ಷ್ಮ ಎಲೆಕ್ಟ್ರೋಡ್ ಇಳಿಸಿ ಮಿದುಳಿನ ಜೀವಕೋಶಗಳ ವಿದ್ಯುತ್ ಮಿಡಿತವನ್ನು ಸ್ಪೀಕರಿನಲ್ಲಿ ಸದ್ದಾಗಿ ಕೇಳುತ್ತಾರೆ. ಆಮೇಲೆ ಸ್ವಲ್ಪ ಕರೆಂಟು ಕೊಟ್ಟು, ನಡುಕ ನಿಂತಿತಾ, ಮೊಣಕೈಯ ಬಿಗಿತ ಸಡಿಲವಾಯಿತಾ, ಮಾತು ಸರಿ ಇದೆಯಾ ಎಂದು ನೋಡುತ್ತಾರೆ.

ಇಲ್ಲೇ ಮಂಪರಿನ ತಕರಾರು ಶುರುವಾಗುವುದು. ನಿದ್ದೆ ಹತ್ತಿದ ಮೇಲೆ ಅಪ್ಪನ ಕೈ ನಡುಗುವುದಿಲ್ಲ ಎಂಬುದನ್ನು ಮನೆಯವರು ನೋಡಿರುತ್ತಾರೆ, ಅಲ್ವಾ? ಔಷಧಿಯ ನಿದ್ದೆಯಲ್ಲೂ ಹಾಗೇ. ನಡುಕವೇ ಇಲ್ಲದಿದ್ದರೆ, ಅದು ಕರೆಂಟಿನಿಂದ ನಿಂತಿತೋ ಮಂಪರಿನಿಂದ ನಿಂತಿತೋ ಹೇಗೆ ಹೇಳುವುದು? ಪ್ರೊಪೊಫಾಲ್, ಮಿಡಾಜೋಲಾಮ್ ಥರದ ಔಷಧಿಗಳು ಆ ಜೀವಕೋಶಗಳ ಸದ್ದನ್ನೂ ತಗ್ಗಿಸುತ್ತವೆ. ಪ್ರೊಪೊಫಾಲ್ ಕೆಲವರಲ್ಲಿ ಇಲ್ಲದ ಚಲನೆಯನ್ನು ಹುಟ್ಟಿಸುವುದೂ ಉಂಟು. ಹುಡುಕುವ ಹೊತ್ತಿಗೆ ಇವು ಮೈಯಿಂದ ಇಳಿದಿರಬೇಕು. ವಯಸ್ಸಾದವರಲ್ಲಿ ಇಳಿಯಲು ಜಾಸ್ತಿ ಹೊತ್ತು ಹಿಡಿಯುತ್ತದೆ.

ಡೆಕ್ಸ್‌ಮೆಡಿಟೊಮಿಡಿನ್ ಬೇರೆ ಥರ. ಓಟಿಯಲ್ಲಿ ಬರೀ ಡೆಕ್ಸ್ ಅನ್ನುತ್ತೇವೆ. ಅದರ ಮಂಪರು ಸಹಜ ನಿದ್ದೆಗೆ ಹತ್ತಿರ. ಹೆಸರು ಹಿಡಿದು ಕರೆದರೆ ಕಣ್ಣು ಬಿಡುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಟ್ಟು ಮತ್ತೆ ತೂಕಡಿಸುತ್ತಾರೆ. ಉಸಿರಾಟವನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಹಾಗಂತ ಸುಮ್ನೆ ಸುರಿಯುವಂತಿಲ್ಲ. ನಾಡಿ ನಿಧಾನವಾಗುತ್ತದೆ, ಬಿಪಿ ಇಳಿಯುತ್ತದೆ. ಪಾರ್ಕಿನ್ಸನ್ ಇರುವವರಲ್ಲಿ ಬಿಪಿ ಮೊದಲೇ ಏರುಪೇರು. ಡೋಸ್ ಜಾಸ್ತಿಯಾದರೆ ಇದೂ ಸದ್ದನ್ನು ಮಬ್ಬು ಮಾಡುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಉಸಿರಿನ ದಾರಿ. ತಲೆಗೆ ಲೋಹದ ಚೌಕಟ್ಟು ಬಿಗಿದಿರುತ್ತಾರೆ. ಅದನ್ನು ಟೇಬಲ್ಲಿಗೆ ಜೋಡಿಸಿರುತ್ತಾರೆ. ಮುಖದ ಮುಂದೆ ಅಡ್ಡ ಪಟ್ಟಿ. ಹಿಂದಿನ ರಾತ್ರಿಯಿಂದ ಪಾರ್ಕಿನ್ಸನ್ನಿನ ಮಾತ್ರೆ ಸಿಂಡೋಪಾ ನಿಲ್ಲಿಸಿರುವುದರಿಂದ ಕತ್ತು ಬಿಗಿ, ಬಾಯಲ್ಲಿ ಜೊಲ್ಲು, ನುಂಗುವುದು ಕಷ್ಟ. ಈ ಸ್ಥಿತಿಯಲ್ಲಿ ಮಂಪರು ಹೆಚ್ಚಾಗಿ ನಾಲಿಗೆ ಹಿಂದಕ್ಕೆ ಬಿದ್ದರೆ, ಮಾಸ್ಕ್ ಹಿಡಿಯುವುದಕ್ಕೂ ಜಾಗ ಸಾಲದು. ಚೌಕಟ್ಟು ಬಿಚ್ಚುವ ಕೀ ಕೈಗೆ ಸಿಗುವಂತೆ ಇರಲೇಬೇಕು. ಮಲಗಿದಾಗ ಜೋರಾಗಿ ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ಕಟ್ಟುವವರು ಅದನ್ನು ಮೊದಲೇ ಹೇಳಿ. ಗೊರಕೆ ತಾನೇ ಎಂದು ಬಿಡಬೇಡಿ.

ಹಾಗಾದರೆ ಏನೂ ಕೊಡದೆ ಮಲಗಿಸಿದರಾಯಿತಾ? ಅದೂ ತಪ್ಪು. ಹೆದರಿದವರ ಬಿಪಿ ಏರುತ್ತದೆ. ಮಿದುಳಿನೊಳಗೆ ಸೂಜಿ ಇಳಿಯುವಾಗ ಬಿಪಿ ಏರಿದ್ದರೆ ರಕ್ತಸ್ರಾವದ ಭಯ. ಮೇಲಿನ ಬಿಪಿ 140 ದಾಟದಂತೆ ನೋಡಿಕೊಳ್ಳುವುದು ಸಾಮಾನ್ಯ ರೂಢಿ. ಅದಕ್ಕೆ ನನ್ನ ಮಟ್ಟಿಗೆ ಮೊದಲ ಔಷಧಿ ಮಂಪರಿನದಲ್ಲ, ನೆತ್ತಿಗೆ ಕೊಡುವ ಬ್ಲಾಕ್. ಹುಬ್ಬಿನ ಮೇಲೆ, ಕಿವಿಯ ಮುಂದೆ, ತಲೆಯ ಹಿಂಭಾಗದಲ್ಲಿ ನೆತ್ತಿಗೆ ಹೋಗುವ ನರಗಳ ಪಕ್ಕ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೇವೆ. ಚುಚ್ಚುವಾಗ ಉರಿಯುತ್ತದೆ. ಆಮೇಲೆ ಗಂಟೆಗಟ್ಟಲೆ ಚರ್ಮಕ್ಕೆ ನೋವು ಗೊತ್ತಾಗುವುದಿಲ್ಲ. ಮಿದುಳಿಗಂತೂ ನೋವೇ ಇಲ್ಲ. ಚುಚ್ಚುವಾಗ, ಚೌಕಟ್ಟು ಬಿಗಿಯುವಾಗ, ಡ್ರಿಲ್ ಓಡುವಾಗ ಸ್ವಲ್ಪ ಮಂಪರು. ಹುಡುಕುವಾಗ ಪೂರ್ತಿ ಎಚ್ಚರ. ಕೊನೆಗೆ ಬ್ಯಾಟರಿ ಕೂರಿಸಲು ಪೂರ್ತಿ ಅರವಳಿಕೆ. ಹೆಚ್ಚು ಕಡೆ ಇದೇ ಕ್ರಮ.

ರೋಗಿಗಳಿಗೆ ನಿಜವಾಗಿ ಕಷ್ಟವಾಗುವುದು ಬೇರೆಯೇ. ಬೆನ್ನು ನೋವು. ಬಾಯಿ ಒಣಗುವುದು. ಮಾತ್ರೆ ಇಲ್ಲದೆ ಮೈ ಸೆಡೆತುಕೊಳ್ಳುವುದು. ಮಂಡಿ ಕೆಳಗೊಂದು ದಿಂಬು, ತುಟಿಗೆ ಒದ್ದೆ ಬಟ್ಟೆ, ಮುಂದೇನು ಮಾಡುತ್ತೇವೆಂದು ಹೇಳುವ ಒಂದು ದನಿ. ಇವಿದ್ದರೆ ಮಂಪರಿನ ಔಷಧಿ ಎಷ್ಟೋ ಕಡಿಮೆ ಸಾಕಾಗುತ್ತದೆ. ಡ್ರಿಲ್ಲಿನ ಸದ್ದು ತಲೆಬುರುಡೆಯೊಳಗೇ ಕೇಳಿಸುತ್ತದೆ, ಸ್ವಲ್ಪ ಹೊತ್ತು ಮಾತ್ರ. ಮೊದಲೇ ಗೊತ್ತಿದ್ದರೆ ಬೆಚ್ಚಿಬೀಳುವುದಿಲ್ಲ.

ಆ ದನಿ ಯಾವ ಭಾಷೆಯದು ಎನ್ನುವುದನ್ನೂ ಕೇಳಿಕೊಳ್ಳಿ. ರಾಯಚೂರಿನವರು ಹೈದರಾಬಾದಿಗೆ ಹೋಗುವುದೇ ಹೆಚ್ಚು. ತೆಲುಗು ಬಂದರೆ ಸರಿ. ಬಾರದ ಹಳ್ಳಿಯ ಅವ್ವನಿಗೆ ಮಂಪರಿನಿಂದ ಏಳುವಾಗ "ಕೈ ಮುಚ್ಚಿ ಬಿಚ್ಚು" ಅನ್ನುವುದು ಗೊತ್ತಾಗದಿದ್ದರೆ, ಪರೀಕ್ಷೆ ಮಾಡುವವರು ಅವಳ ತಲೆ ಇನ್ನೂ ತಿಳಿಯಾಗಿಲ್ಲ ಅಂದುಕೊಳ್ಳಬಹುದು. ಮಾತು ತೊದಲಿತೋ ಇಲ್ಲವೋ ಎಂಬುದು ಆ ಭಾಷೆ ಬಲ್ಲವರಿಗೇ ಚೆನ್ನಾಗಿ ತಿಳಿಯುವುದು. ಆಪರೇಷನ್ ದಿನ ಕನ್ನಡ ಬಲ್ಲವರೊಬ್ಬರು ಒಳಗಿರುತ್ತಾರಾ ಎಂದು ಮುಂಚೆಯೇ ವಿಚಾರಿಸಿ. ರೋಗಿ ವಾರದ ಹೆಸರುಗಳನ್ನು ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತಂಡಕ್ಕೆ ಕೇಳಿಸಿ.

ಎಚ್ಚರವಿದ್ದರೇ ಒಳ್ಳೆಯದು ಎಂಬ ಹಠವೂ ಬೇಡ. 2021ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯರು 110 ಪಾರ್ಕಿನ್ಸನ್ ರೋಗಿಗಳ ಅಧ್ಯಯನ ಪ್ರಕಟಿಸಿದರು. ಅರ್ಧ ಜನಕ್ಕೆ ಎಚ್ಚರದಲ್ಲಿ, ಅರ್ಧ ಜನಕ್ಕೆ ಪೂರ್ತಿ ಅರವಳಿಕೆಯಲ್ಲಿ ಆಪರೇಷನ್. ಕೈಕಾಲಿನ ಸುಧಾರಣೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಪೂರ್ತಿ ಅರವಳಿಕೆಯಲ್ಲಿದ್ದವರಿಗೆ ಆಪರೇಷನ್ನಿನ ಕಷ್ಟ ಕಡಿಮೆ ಅನಿಸಿತು. ಆ ಕೆಲಸಕ್ಕೆ ಒಳ್ಳೆಯ ಎಂಆರ್‌ಐ, ಅಭ್ಯಾಸವಿರುವ ತಂಡ ಬೇಕು. ಸ್ನಾಯುಗಳು ತಾವಾಗೇ ಬಿಗಿದುಕೊಳ್ಳುವ ಡಿಸ್ಟೋನಿಯಾ ಕಾಯಿಲೆ ಇರುವ ಮಕ್ಕಳಿಗೆ, ಮೈ ತಿರುಚುವುದರಿಂದ ಮಲಗಲೂ ಆಗದವರಿಗೆ, ವಿಪರೀತ ಹೆದರುವವರಿಗೆ ಪೂರ್ತಿ ಅರವಳಿಕೆಯೇ ಸರಿ. ನಿಮ್ಮ ತಂಡ ಯಾವುದರಲ್ಲಿ ಪಳಗಿದೆ ಎಂದು ಕೇಳಿ, ಅದನ್ನು ನಂಬಿ.

ಊರಿಗೆ ಮರಳಿದ ಮೇಲಿನ ಎರಡು ಮಾತು. ಜ್ವರವೋ ವಾಂತಿಯೋ ಆಗಿ ಹತ್ತಿರದ ಕ್ಲಿನಿಕ್ಕಿಗೆ ಹೋದರೆ, ವಾಂತಿಗೆ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಬೇಡ ಅನ್ನಿ. ಪೆರಿನಾರ್ಮ್ ಹೆಸರಿನಲ್ಲಿ ಬರುವುದು ಅದೇ. ಸ್ಟೆಮೆಟಿಲ್ ಕೂಡ ಬೇಡ. ಎರಡೂ ಪಾರ್ಕಿನ್ಸನ್ ಹೆಚ್ಚಿಸುತ್ತವೆ. ಆಂಡಾನ್ಸೆಟ್ರಾನ್ ಆಗುತ್ತದೆ. ಇನ್ನೊಂದು ಇದಕ್ಕಿಂತ ಗಂಭೀರ. ಭುಜ ನೋವು, ಮಂಡಿ ನೋವು ಎಂದು ಫಿಸಿಯೋಥೆರಪಿಗೆ ಹೋದಾಗ ಡಯಾಥರ್ಮಿ ಮೆಷಿನ್ನಿನ ಶಾಖ ತೆಗೆದುಕೊಳ್ಳಲೇಬೇಡಿ, ಮೈಯ ಯಾವ ಭಾಗಕ್ಕೂ. ಆ ಮೆಷಿನ್ನಿನಿಂದ ಹೊರಡುವ ಅಲೆಗಳು ವೈರಿನ ಮೂಲಕ ಎಲೆಕ್ಟ್ರೋಡಿನ ತುದಿಯನ್ನು ಕಾಯಿಸಿ ಮಿದುಳನ್ನು ಸುಡಬಲ್ಲವು. ಪ್ರಾಣ ಹೋದ ಉದಾಹರಣೆ ಇದೆ. ಆಸ್ಪತ್ರೆ ಕೊಟ್ಟ ಡಿಬಿಎಸ್ ಕಾರ್ಡನ್ನು ಮೆಷಿನ್ ಹಚ್ಚುವವರಿಗೂ, ಹಲ್ಲಿನ ಡಾಕ್ಟರಿಗೂ, ಮುಂದೆ ಯಾವುದೇ ಆಪರೇಷನ್ನಿಗೆ ಮಂಪರು ಕೊಡುವವರಿಗೂ ಮೊದಲೇ ತೋರಿಸಿ.