ಕೋವಿ ಮೇಸ್ತ್ರಿಯ ಬಾಗಿಲಲ್ಲಿ ಏಳು ತಿಂಗಳು

ಮಾವನ ಜೋಡುನಳಿಗೆ ಕೋವಿ ರಿಪೇರಿಗೆ ಹೋದದ್ದು 2024ರ ಜೂನ್‌ನಲ್ಲಿ. ಮನೆಗೆ ವಾಪಸ್ ಬಂದದ್ದು 2025ರ ಜನವರಿಯಲ್ಲಿ. ಮಾವನ ತೋಟ ಹೆಬ್ರಿ ಕಡೆ, ಘಟ್ಟದ ಬುಡದಲ್ಲಿ. ನಾನು ಇರುವುದು ಮಂಗಳೂರಿನಲ್ಲಿ. ಮೇಸ್ತ್ರಿಯ ಅಂಗಡಿಯೂ ಇಲ್ಲೇ. ಹಾಗಾಗಿ ವಿಚಾರಿಸುವ ಕೆಲಸ ನನ್ನ ತಲೆಗೆ ಬಂತು. ಮಾವನಿಂದ ವಾರಕ್ಕೊಂದು ಫೋನ್ ಖಾಯಂ. ‘ಎಂತ ಮಾರಾಯ, ಇವತ್ತಾದ್ರೂ ಆಯ್ತಾ?’

ಮೊದಲೆರಡು ತಿಂಗಳು ನನಗೂ ಸಿಟ್ಟು ಬಂದಿತ್ತು. ಆಮೇಲೆ ಅಂಗಡಿಯಲ್ಲಿ ಕುಳಿತು ನೋಡಲು ಶುರು ಮಾಡಿದೆ. ಕೇಳಿದೆ, ಓದಿದೆ. ಈ ಕಾಯುವಿಕೆಯ ಹಿಂದೆ ನೂರೈವತ್ತು ವರ್ಷದ ಕತೆ ಉಂಟು ಅಂತ ಗೊತ್ತಾದದ್ದು ಆಗಲೇ.

ಮೊದಲು ಕೆಲಸದ ಮೇಜನ್ನೇ ನೋಡೋಣ. ಮೂಲೆಯಲ್ಲಿ ಗಾಜಿಲ್ಲದ ಚಿಮಣಿ ದೀಪ, ಅದರಿಂದ ಕಪ್ಪು ಹೊಗೆ. ಮೇಸ್ತ್ರಿ ಕಬ್ಬಿಣದ ಭಾಗವನ್ನು ಆ ಹೊಗೆಗೆ ಹಿಡಿಯುತ್ತಾರೆ. ಮಸಿ ಹತ್ತುತ್ತದೆ. ಅದನ್ನು ಹೊಸ ಮರದಲ್ಲಿ ಕೊರೆದ ಗುಂಡಿಗೆ ಮೆಲ್ಲಗೆ ಇಳಿಸಿ, ಒತ್ತಿ, ಮತ್ತೆ ತೆಗೆಯುತ್ತಾರೆ. ಮರದಲ್ಲಿ ಮಸಿ ಅಂಟಿದ ಜಾಗ ಎಲ್ಲಿದೆಯೋ ಅಲ್ಲಿ ಮಾತ್ರ ಉಳಿಯಿಂದ ಒಂದು ಎಳೆ ಕೆರೆಯುತ್ತಾರೆ. ಮತ್ತೆ ಹೊಗೆ, ಮತ್ತೆ ಒತ್ತುವುದು, ಮತ್ತೆ ಕೆರೆಯುವುದು. ನಾನು ಎಣಿಸಿದೆ. ಒಂದು ಗಂಟೆಯಲ್ಲಿ 19 ಸಲ. ಕೊನೆಗೆ ಗುಂಡಿಯ ಒಳಗೆಲ್ಲ ಒಂದೇ ಸಮನಾಗಿ ಮಸಿ ಕಾಣಿಸಬೇಕು. ಆಗ ಮಾತ್ರ ಮರ ಮತ್ತು ಕಬ್ಬಿಣ ಪೂರ್ತಿ ಕೂತಿವೆ ಎಂದು ಅರ್ಥ.

ಇಷ್ಟು ನಾಜೂಕು ಯಾಕೆ ಬೇಕು? ಗುಂಡು ಹಾರಿದಾಗ ಕಬ್ಬಿಣ ಹಿಂದಕ್ಕೆ ಗುದ್ದುತ್ತದೆ. ಮರಕ್ಕೆ ಒಂದೇ ಕಡೆ ತಾಗಿದ್ದರೆ ಗುದ್ದೆಲ್ಲ ಅಲ್ಲಿಗೇ. ಮರ ಅಲ್ಲೇ ಸೀಳುತ್ತದೆ. ಮಾವನ ಕೋವಿಯ ಮರ ಸೀಳಿದ್ದೂ ಹಾಗೆಯೇ, ಕೈ ಹಿಡಿಯುವ ಸಪೂರ ಜಾಗದಲ್ಲಿ.

ಹೊಸ ಮರಕ್ಕೆ ಮೇಸ್ತ್ರಿ ಅಕ್ರೋಟಿನ ತುಂಡೊಂದನ್ನು ಅಟ್ಟದಿಂದ ಇಳಿಸಿದರು. ವರ್ಷಗಳ ಹಿಂದೆ ತಂದು ಒಣಗಲು ಇಟ್ಟದ್ದು. ಆದರೆ ಮಳೆಗಾಲ ಮುಗಿಯುವವರೆಗೆ ಅದನ್ನು ಮುಟ್ಟಲಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಬಾಗಿಲೇ ಉಬ್ಬಿ ಮುಚ್ಚಲಿಕ್ಕಾಗದ ದಿನಗಳಲ್ಲಿ ಕೋವಿಯ ಮರ ಕೂರಿಸಿದರೆ ಎಂತ ಆಗ್ತದೆ? ಮಾರ್ಚ್ ಬಿಸಿಲಿಗೆ ಮರ ಕುಗ್ಗಿ ಸಡಿಲ ಬೀಳುತ್ತದೆ. ಏಳು ತಿಂಗಳಲ್ಲಿ ನಾಲ್ಕು ತಿಂಗಳು ಹೋದದ್ದು ಹೀಗೆ. ಅದು ಮೇಸ್ತ್ರಿಯ ಉದಾಸೀನ ಅಲ್ಲ, ನಮ್ಮ ಮಳೆ.

ಉಳಿದ ಕಾರಣಗಳನ್ನು ಹುಡುಕಲು ಹಿಂದಕ್ಕೆ ಹೋಗಬೇಕು.

ಕೋವಿಗೆ ಲೈಸೆನ್ಸ್ ಬೇಕು ಎಂಬ ನಿಯಮ ದೇಶಕ್ಕೆಲ್ಲ ಗಟ್ಟಿಯಾಗಿ ಬಂದದ್ದು 1878ರಲ್ಲಿ, ವೈಸ್‌ರಾಯ್ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆಯಿಂದ. ಅದರ ಮೇಲೆ ಭಾರತೀಯರಿಗೆ ಎಷ್ಟು ಸಿಟ್ಟಿತ್ತು ಅಂದರೆ, 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಮುಂಚೆ ಗಾಂಧೀಜಿ ಸರ್ಕಾರದ ಮುಂದಿಟ್ಟ 11 ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಕೋವಿ ಲೈಸೆನ್ಸ್ ಕೊಡಬೇಕು ಎಂಬುದೂ ಒಂದು. ಅಹಿಂಸೆಯ ಗಾಂಧಿ ಇದನ್ನು ಕೇಳಿದ್ದರು ಅಂದರೆ ನಮ್ಮಲ್ಲಿ ಬಹಳ ಜನ ನಂಬುವುದಿಲ್ಲ.

ಪಕ್ಕದ ಕೊಡಗಿನ ದಾರಿ ಬೇರೆ. ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಈ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಕೋವಿ ಮನೆಯ ದೇವರಕೋಣೆಯ ವಸ್ತುವಿನ ಹಾಗೆ. ಘಾಟಿಯ ಈಚೆ ಅದು ಲೈಸೆನ್ಸ್ ಪುಸ್ತಕದ ಒಳಗಿನ ವಸ್ತು.

ಸ್ವಾತಂತ್ರ್ಯದ ನಂತರ 1959ರಲ್ಲಿ ಹೊಸ ಕಾಯ್ದೆ ಆಯಿತು. ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ನಮ್ಮ ಕೃಷಿಕರ ಮಟ್ಟಿಗೆ ಅದರಲ್ಲಿ ಎರಡು ಮಾತು ಮುಖ್ಯ. ಒಂದು, 13ನೇ ಸೆಕ್ಷನ್. ಬೆಳೆ ಕಾಯಲು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬಹುದು, ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆ (ನಳಿಗೆಯ ಒಳಮೈ ನುಣುಪಾಗಿರುವ) ಕೋವಿಗೂ ಕೊಡಬಹುದು ಎನ್ನುತ್ತದೆ ಅದು. ನಮ್ಮ ಊರುಗಳ ಲೈಸೆನ್ಸ್ ಪುಸ್ತಕಗಳಲ್ಲಿ ಕಾಣುವ ಎಸ್‌ಬಿಎಂಎಲ್, ಎಸ್‌ಬಿಬಿಎಲ್, ಡಿಬಿಬಿಎಲ್ ಎಂಬ ಅಕ್ಷರಗಳ ಮೂಲ ಈ ಭೇದ. ಮೊದಲನೆಯದು ಮದ್ದು ತುಂಬುವ ಒಂಟಿನಳಿಗೆ, ಉಳಿದೆರಡು ತೋಟೆ ಹಾಕುವ ಒಂಟಿನಳಿಗೆ ಮತ್ತು ಜೋಡುನಳಿಗೆ.

ಎರಡನೆಯದು 5ನೇ ಸೆಕ್ಷನ್. ಕೋವಿ ಮಾಡಲು, ಮಾರಲು ಮಾತ್ರ ಅಲ್ಲ, ರಿಪೇರಿ ಮಾಡಲೂ ಲೈಸೆನ್ಸ್ ಬೇಕು. ನನ್ನ ಪ್ರಕಾರ ಕಾಯುವಿಕೆಯ ಬೇರು ಇಲ್ಲಿದೆ. ಹಾರೆ, ಕತ್ತಿ, ನೇಗಿಲ ಗುಳ ಮಾಡುವ ಆಚಾರ್ರು ನಮ್ಮಲ್ಲಿ ಊರೂರಿಗೂ ಇದ್ದರು. ಕಬ್ಬಿಣದ ಗುಣ ಬಲ್ಲ ಕೈಗಳು ಅವು. ಆದರೆ ಲೈಸೆನ್ಸ್ ಇಲ್ಲದೆ ಅವರು ಕೋವಿಯ ಸ್ಪ್ರಿಂಗ್ ಮುಟ್ಟುವ ಹಾಗಿಲ್ಲ. 2019ರ ತಿದ್ದುಪಡಿ ಬಂದ ಮೇಲಂತೂ ಲೈಸೆನ್ಸ್ ಇಲ್ಲದೆ ಕೋವಿ ತಯಾರಿ, ರಿಪೇರಿ ಮಾಡಿದರೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ಕಳ್ಳಕೋವಿ ತಡೆಯಲು ಇದು ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಇಂಥ ಕೆಲಸಕ್ಕೆ ಮಗನನ್ನು ಯಾವ ತಂದೆ ಕೂರಿಸುತ್ತಾನೆ? ಲೈಸೆನ್ಸ್ ಬೇಕು, ಪುಸ್ತಕ ಬರೆಯಬೇಕು, ತಪಾಸಣೆಗೆ ಉತ್ತರ ಕೊಡಬೇಕು. ನಮ್ಮ ಮೇಸ್ತ್ರಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅಂಗಡಿಯಲ್ಲಿ ಶಿಷ್ಯ ಅಂತ ಯಾರೂ ಇಲ್ಲ.

ಇನ್ನೊಂದು ಕಡೆಯಿಂದಲೂ ಕೆಲಸ ಜಾಸ್ತಿ ಆಯಿತು. 1980ರ ದಶಕದ ನಡುವಿನಲ್ಲಿ ವಿದೇಶಿ ಕೋವಿಗಳ ಆಮದು ನಿಂತಿತು. ಮನೆಯಲ್ಲಿದ್ದ ಹಳೆಯ ಇಂಗ್ಲಿಷ್ ಕೋವಿಗಳಿಗೆ ಆಮೇಲೆ ಬಿಡಿಭಾಗ ಸಿಗಲಿಲ್ಲ. ಮಾವನದ್ದು ಬರ್ಮಿಂಗ್‌ಹ್ಯಾಮಿನ 12 ಬೋರ್. 1875ರಲ್ಲಿ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ರೂಪಿಸಿದ, ಕುದುರೆ (ತೋಟೆ ಸಿಡಿಸಲು ಬಡಿಯುವ ಸುತ್ತಿಗೆಯಂಥ ಭಾಗ) ಒಳಗಡೆ ಅಡಗಿರುವ ಬಗೆಯದ್ದು. ಇಂಥ ಕೋವಿಯಲ್ಲಿ ಒಂದು ಸ್ಪ್ರಿಂಗ್ ಮುರಿದರೆ ಅಂಗಡಿಯಿಂದ ತಂದು ಹಾಕಲು ಬರುವುದಿಲ್ಲ. ಉಕ್ಕಿನ ಪಟ್ಟಿಯಿಂದ ಅರ ಹಿಡಿದು ಉಜ್ಜಿ ಮಾಡಬೇಕು, ಕಾಯಿಸಿ ಎಣ್ಣೆಗೆ ಅದ್ದಬೇಕು, ಮತ್ತೆ ಹದವಾಗಿ ಬಿಸಿ ಮಾಡಿ ಪೆಡಸು ತೆಗೆಯಬೇಕು. ಹದ ತಪ್ಪಿದರೆ ಸ್ಪ್ರಿಂಗ್ ಒಂದೋ ಮುರಿಯುತ್ತದೆ, ಇಲ್ಲವೇ ಬಾಗಿಯೇ ಉಳಿಯುತ್ತದೆ. ಆಗ ಮೊದಲಿನಿಂದ ಶುರು.

ಇದರ ಮೇಲೆ ಚುನಾವಣೆ. ನೀತಿಸಂಹಿತೆ ಬಂದ ಕೂಡಲೇ ಕೋವಿಯನ್ನು ಠಾಣೆಯಲ್ಲಿಡಿ ಎಂಬ ಆದೇಶ ಬರುತ್ತದೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. 2024ರಲ್ಲಿ ಮಾರ್ಚ್ 16ಕ್ಕೆ ಸಂಹಿತೆ ಶುರು, ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಬೆವರು ಸುರಿಯುವ ಸೆಕೆಯಲ್ಲಿ, ಒಂದು ಹನಿ ಎಣ್ಣೆ ಕಾಣದೆ ಮಾವನ ಕೋವಿ ಸುಮಾರು 80 ದಿನ ಗೋಡೆಗೆ ಒರಗಿ ನಿಂತಿತ್ತು. ವಾಪಸ್ ತಂದಾಗ ನಳಿಗೆಯ ಮೇಲೆ ಕೆಂಪು ತುಕ್ಕು. ಸೀಳಿದ್ದ ಮರ ಇನ್ನೂ ಬಿಟ್ಟಿತ್ತು. ಹಾಗೆ ವಾಪಸ್ ಬಂದದ್ದು ಮಾವನದ್ದು ಒಂದೇ ಅಲ್ಲವಲ್ಲ. ಎಲ್ಲರ ಕೋವಿಯೂ ಒಂದೇ ವಾರದಲ್ಲಿ ಠಾಣೆಯಿಂದ ಹೊರಬರುತ್ತದೆ. ಎಲ್ಲರೂ ಒಂದೇ ವಾರದಲ್ಲಿ ಮೇಸ್ತ್ರಿಯ ಬಾಗಿಲಿಗೆ ಬರುತ್ತಾರೆ. ಏಣೆಲು ಬೆಳೆಗೆ, ಅಂದರೆ ಮಳೆಗಾಲದ ಭತ್ತಕ್ಕೆ, ಹಂದಿ ನುಗ್ಗುವ ಮುಂಚೆ ಬೇಕು ಎನ್ನುವವರು ಕೆಲವರು, ಆಯುಧಪೂಜೆಗಾದರೂ ಕೊಡಿ ಎನ್ನುವವರು ಕೆಲವರು.

ಬೆಳೆ ಕಾಯುವವರಿಗೆ ಕೋವಿ ಬೇಕಾದದ್ದು ಹೆಚ್ಚಾಗಿ ಸದ್ದಿಗೆ. 1972ರ ವನ್ಯಜೀವಿ ಕಾಯ್ದೆಯಿಂದಾಗಿ ಈಗ ಬೇಟೆಯ ಮಾತೇ ಇಲ್ಲ. ರಾತ್ರಿ ತೋಟದ ಅಂಚಿನಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಬಿಟ್ಟರೆ ಹಂದಿ ಹಿಂಡು ಚದುರುತ್ತದೆ. ಸದ್ದಿಗೆ ತಾನೆ, ಹೇಗಾದರೂ ಸರಿ ಮಾಡಿಕೊಟ್ಟರೆ ಸಾಕಲ್ಲ ಅಂತ ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ.

ಆ ಯೋಚನೆಯಿಂದಲೇ ಒಮ್ಮೆ ಪೆಟ್ಟು ತಿಂದೆವು. ಕೆಲವು ವರ್ಷಗಳ ಹಿಂದೆ ಕೋವಿಯ ಟ್ರಿಗರ್ ಗಟ್ಟಿಯಾಗಿತ್ತು. ಈ ಮೇಸ್ತ್ರಿ ಮೂರು ತಿಂಗಳು ಅಂದರು. ಬೇರೆ ಊರಿನ ಒಬ್ಬರು ‘ನಾಳೆ ಸಂಜೆ ಬನ್ನಿ’ ಅಂದರು. ನಾವು ಅಲ್ಲಿಗೆ ಹೋದೆವು. ಮಾರನೇ ದಿನ ಕೋವಿ ಕೈಯಲ್ಲಿತ್ತು. ಟ್ರಿಗರ್ ಬೆಣ್ಣೆಯ ಹಾಗೆ. ಮೂರು ವಾರ ಕಳೆದು ಒಂದು ರಾತ್ರಿ ಮಾವ ಒಂದು ಟ್ರಿಗರ್ ಒತ್ತಿದರು, ಎರಡೂ ನಳಿಗೆ ಒಟ್ಟಿಗೆ ಹಾರಿತು. ಮಾವ ಕೆಸರಿನಲ್ಲಿ ಹಿಂದಕ್ಕೆ ಬಿದ್ದರು. ಭುಜ ಹದಿನೈದು ದಿನ ನೀಲಿಗಟ್ಟಿತ್ತು. ನಳಿಗೆ ಆಕಾಶ ನೋಡುತ್ತಿತ್ತು, ಅಷ್ಟೇ ನಮ್ಮ ಪುಣ್ಯ. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದವನು ನಾನು.

ಅದೇ ಕೋವಿಯನ್ನು ಈ ಮೇಸ್ತ್ರಿ ಬಿಚ್ಚಿ ತೋರಿಸಿದರು. ಕುದುರೆಯನ್ನು ಹಿಡಿದಿಡುವ ಸಣ್ಣ ಹಲ್ಲು. ಉಗುರಿನ ತುದಿಯಷ್ಟೂ ಇಲ್ಲ. ಅದನ್ನು ಯಾರೋ ಅವಸರದಲ್ಲಿ ಉಜ್ಜಿ ಸಪೂರ ಮಾಡಿದ್ದರು. ಒಂದು ಗುಂಡಿನ ಗುದ್ದಿಗೇ ಇನ್ನೊಂದು ಕುದುರೆ ಜಾರಿತ್ತು. ‘ಕಬ್ಬಿಣ ಉಜ್ಜಲಿಕ್ಕೆ ಎರಡು ನಿಮಿಷ ಸಾಕು. ಉಜ್ಜಿದ್ದನ್ನು ವಾಪಸ್ ತರ್ಲಿಕ್ಕೆ ಆಗೋದಿಲ್ಲ ನೋಡಿ,’ ಅಂದರು. ಹೊಸ ಹಲ್ಲು ಮಾಡಿ ಕೂರಿಸಲು ಅವರಿಗೆ ನಾಲ್ಕು ತಿಂಗಳು ಬೇಕಾಯಿತು. ನಾವು ತುಟಿ ಬಿಚ್ಚಲಿಲ್ಲ.

ನಳಿಗೆಯ ಬಣ್ಣದ ಕತೆಯೂ ಇಂಥದ್ದೇ. ಬಿಸಿ ರಾಸಾಯನಿಕಕ್ಕೆ ಅದ್ದಿದರೆ ಒಂದೇ ದಿನದಲ್ಲಿ ಕಪ್ಪು ಬಣ್ಣ ಬರುತ್ತದೆ. ಆದರೆ ಹಳೆಯ ಜೋಡುನಳಿಗೆಗಳನ್ನು ಬೆಸುಗೆ ಹಾಕಿ ಕೂಡಿಸಿರುತ್ತಾರೆ. ಆ ದ್ರಾವಣ ಬೆಸುಗೆಯನ್ನೇ ತಿನ್ನುತ್ತದೆ. ಹಾಗಾಗಿ ನಿಧಾನದ ದಾರಿಯೇ ಗತಿ. ದ್ರಾವಣ ಸವರಿ ತುಕ್ಕು ಬರಿಸಬೇಕು, ನೀರಿನಲ್ಲಿ ಕುದಿಸಿ ಆ ತುಕ್ಕನ್ನು ಕಪ್ಪಾಗಿಸಬೇಕು, ಉಜ್ಜಬೇಕು. ಹೀಗೆ ದಿನಗಟ್ಟಲೆ.

ಇಂಗ್ಲೆಂಡಿನಲ್ಲಿ ಇಂಥ ಕಾಯುವಿಕೆಗೆ ದೊಡ್ಡ ಮರ್ಯಾದೆ ಇದೆ. ಲಂಡನ್ನಿನ ಪರ್ಡಿ ಕಂಪನಿ 1814ರದ್ದು, ಹಾಲೆಂಡ್ ಅಂಡ್ ಹಾಲೆಂಡ್ 1835ರದ್ದು. ಅಳತೆ ಕೊಟ್ಟು ಮಾಡಿಸುವ ಕೋವಿಗೆ ಅಲ್ಲಿ ಒಂದೂವರೆ, ಎರಡು ವರ್ಷ ಕಾಯುವುದು ಮಾಮೂಲು. ನಳಿಗೆ ಮಾಡುವವರು ಬೇರೆ, ಮರ ಕೂರಿಸುವವರು ಬೇರೆ, ಕೆತ್ತನೆಯವರು ಬೇರೆ. ಗಿರಾಕಿಯ ಕೈಗೆ ಕೊಡುವ ಮೊದಲು ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ ಪರೀಕ್ಷೆ ಮಾಡುತ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ಅದಕ್ಕೆಂದೇ 1813ರಲ್ಲಿ ಕಾನೂನಿನ ಮೂಲಕ ಒಂದು ಪರೀಕ್ಷಾ ಮನೆ ಆಯಿತು. ಅಲ್ಲಿ ಅಷ್ಟು ಜನ ಹಂಚಿಕೊಂಡು ಮಾಡುವ ಕೆಲಸವನ್ನು ಇಲ್ಲಿ ಒಬ್ಬ ಮನುಷ್ಯ ಒಂದು ಮೇಜಿನ ಮೇಲೆ ಮಾಡುತ್ತಾನೆ. ಅಲ್ಲಿ ಹೆಮ್ಮೆಯಿಂದ ಕಾಯುತ್ತಾರೆ. ನಾವು ಇಲ್ಲಿ ಬೈದುಕೊಂಡು ಕಾಯುತ್ತೇವೆ. ಇದು ನನಗೆ ಬೇಸರದ ವಿಷಯ.

ಹಾಗಂತ ತಪ್ಪೆಲ್ಲ ಗಿರಾಕಿಯದ್ದೇ ಅಲ್ಲ. ಆರು ತಿಂಗಳ ಕೆಲಸಕ್ಕೆ ‘ಬರುವ ವಾರ ನೋಡುವ’ ಅನ್ನುವ ಅಭ್ಯಾಸ ಒಳ್ಳೆಯದಲ್ಲ. ಹೆಬ್ರಿಯಿಂದ ಬಸ್ ಹಿಡಿದು ಬಂದವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಸತ್ಯದ ತಾರೀಕು ಹೇಳಿದರೆ ಜನ ಕಾಯುತ್ತಾರೆ. ನಾನು ಮೇಸ್ತ್ರಿಗೆ ಇದನ್ನು ನೇರವಾಗಿ ಹೇಳಿದೆ. ಅವರು ಒಪ್ಪಿದರು. ‘ಇಲ್ಲ ಅಂತ ಹೇಳ್ಲಿಕ್ಕೆ ಬಾಯಿ ಬರೋದಿಲ್ಲ ಮಾರಾಯ್ರೆ, ದೂರದಿಂದ ಬಂದಿರ್ತಾರೆ,’ ಅಂದರು.

ಗಿರಾಕಿಗಳು ಮಾಡಬಹುದಾದದ್ದೂ ಇದೆ. ಏಣೆಲಿಗೆ ಬೇಕಾದ ಕೋವಿಯನ್ನು ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳಲ್ಲಿ, ತಂದರೆ ಆಗುವುದಿಲ್ಲ. ಸುಗ್ಗಿ ಮುಗಿದ ಕೂಡಲೇ ತರಬೇಕು. ಲೈಸೆನ್ಸ್ ರಿನೀವಲ್ ಹತ್ತಿರ ಇದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ. ಈಗ ಅವಧಿ 5 ವರ್ಷ ಇರುವುದರಿಂದ ಮರೆತೇಹೋಗುತ್ತದೆ. ಬೇರೆಯವರ ಕೈಯಲ್ಲಿ ಕೋವಿ ಕಳಿಸುವುದಾದರೆ ಲೈಸೆನ್ಸ್ ಇದ್ದವರು ಬರೆದು ಸಹಿ ಹಾಕಿದ ಚೀಟಿ ಜೊತೆಗಿರಲೇಬೇಕು. ರಿಪೇರಿಗೆ ಹಾಗೆ ಒಯ್ಯಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ನಾನು ಒಯ್ದದ್ದೂ ಮಾವನ ಚೀಟಿ ಹಿಡಿದುಕೊಂಡೇ.

2016ರ ನಿಯಮಗಳ ಪ್ರಕಾರ ಲೈಸೆನ್ಸ್ ಇದ್ದವರಿಗೆ 70 ವರ್ಷ ತುಂಬಿದರೆ, ಇಲ್ಲವೇ ಕೋವಿ 25 ವರ್ಷ ಅವರ ಕೈಯಲ್ಲಿದ್ದರೆ, ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಹಾಕಬಹುದು. ಮಾವನಿಗೆ ಈಗ 72. ಮಗಳ ಹೆಸರಿಗೆ ಮಾಡಿಸಬೇಕು ಅಂತ ಮಣಿಪಾಲದ ಡಿಸಿ ಆಫೀಸಿಗೆ ಕಾಗದಪತ್ರ ಹೊಂದಿಸುತ್ತಿದ್ದಾರೆ. ತೋಟ ನೋಡಿಕೊಳ್ಳುವವಳು ಅವಳೇ.

ಜನವರಿಯಲ್ಲಿ ಕೋವಿ ತರಲು ಹೋದೆ. ಮೇಸ್ತ್ರಿ ಮುಚ್ಚಿದ ಕೋವಿಯನ್ನು ನನ್ನ ಕೈಗೆ ಕೊಟ್ಟು ‘ಮರ ಮತ್ತು ಕಬ್ಬಿಣ ಸೇರುವಲ್ಲಿ ಉಗುರು ಆಡಿಸಿ ನೋಡಿ’ ಅಂದರು. ಆಡಿಸಿದೆ. ಎಲ್ಲೂ ಉಗುರು ಸಿಕ್ಕಿಹಾಕಿಕೊಳ್ಳಲಿಲ್ಲ. ಎಣ್ಣೆ ಬಟ್ಟೆಯ ಒಂದು ತುಂಡು ಕೊಟ್ಟು, ಮುಂದಿನ ಚುನಾವಣೆಗೆ ಠಾಣೆಗೆ ಕೊಡುವಾಗ ಇದರಲ್ಲಿ ಸುತ್ತಿಯೇ ಕೊಡಿ ಅಂದರು.

ನಾನು ರಸೀದಿಗೆ ಸಹಿ ಹಾಕುತ್ತಿದ್ದಾಗ ಕಾರ್ಕಳ ಕಡೆಯವರೊಬ್ಬರು ಗೋಣಿಯಲ್ಲಿ ಸುತ್ತಿದ ಒಂಟಿನಳಿಗೆ ತಂದರು. ಯಾವಾಗ ಸಿಗ್ತದೆ ಅಂತ ಕೇಳಿದರು. ಮೇಸ್ತ್ರಿ ನನ್ನ ಮುಖ ಒಮ್ಮೆ ನೋಡಿದರು. ಪುಸ್ತಕ ತೆರೆದು ಕೋವಿಯ ನಂಬರ್ ಬರೆದರು, ಲೈಸೆನ್ಸ್ ನಂಬರ್ ಬರೆದರು. ಆಮೇಲೆ ಕೊಡುವ ದಿನದ ಕಾಲಮ್ಮಿನಲ್ಲಿ ಬರೆದದ್ದನ್ನೇ ಗಟ್ಟಿಯಾಗಿ ಓದಿ ಹೇಳಿದರು: ‘ಆಟಿ ಕಳೆದ ಮೇಲೆ.’